ಸೋಮವಾರದ ಫೋನು

ಮುತ್ತವ್ವನಿಗೆ ಮೂರು ತಿಂಗಳ ಪಗಾರ ಇನ್ನೂ ಬರಬೇಕು. ಕೊಡಬೇಕಾದವರು ಹಮ್ಮಿಗಿಯ ಹೊಳಿದಂಡಿ ಬೀಜ ಬೆಳೆಗಾರರ ಸಂಘದವರು. ಸಂಘದಲ್ಲಿ ರೊಕ್ಕ ಇಲ್ಲ ಅಂತಲ್ಲ. ಹೋದ ಹಂಗಾಮಿನಲ್ಲಿ ಗೋದಾಮಿಗೆ ಹೊಸ ಕಬ್ಬಿಣದ ಬಾಗಿಲು ಕೂಡಿಸಿದರು, ಬಾಗಿಲು ತೆರೆಯಲು ಬಂದವರಿಗೆ ಶಾಲು ಹೊದಿಸಿ, ಹಾರ ಹಾಕಿ, ಪೇಡೆ ತಿನ್ನಿಸಿ ಕಳಿಸಿದರು. ಈ ಹೆಣ್ಣುಮಗಳ ಪಗಾರ ಕೊಡಲು ಮಾತ್ರ ಅವರಿಗೆ ಕೈ ಬರುತ್ತಿಲ್ಲ. ಯಾಕೆ ಬರುತ್ತಿಲ್ಲ ಅನ್ನುವುದು ತಿಳಿಯಬೇಕಾದರೆ ಕತೆ ಮೊದಲಿನಿಂದ ಕೇಳಬೇಕು.

ಮುತ್ತವ್ವ ಹಮ್ಮಿಗಿಯ ಮಗಳೇ. ಕಳಸಾಪುರಕ್ಕೆ ಕೊಟ್ಟಿದ್ದರು. ಅಲ್ಲಿ ಕೆಲವು ವರ್ಷ ಬಾಳುವೆ ಮಾಡಿ ಒಂದು ದಿನ ತಗಡಿನ ಟ್ರಂಕು ಹೊತ್ತುಕೊಂಡು ತವರಿಗೆ ಬಂದಳು. "ಯಾಕ ಬಂದಿ?" ಎಂದು ಓಣಿಯವರು ಕೇಳಿದರೆ, "ಬಸ್ಸಿನ್ಯಾಗ ಬಂದ್ನಿ" ಅನ್ನುತ್ತಿದ್ದಳು. ಮುಂದೆ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಪಿಯುಸಿ ಪಾಸಾಗಿದ್ದಳು. ಗದಗಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದು, ಮಾಳಿಗೆ ಮೇಲಿನ ಒಂದು ಕ್ಲಾಸಿನಲ್ಲಿ ಕಂಪ್ಯೂಟರ್ ಕಲಿತಳು. ಬಹಳ ಕಲಿತಳು ಅಂತಲ್ಲ; ಬೆರಳು ಓಡುತ್ತಿದ್ದವು, ಲೆಕ್ಕ ಕೂಡಿಸಲು ಬರುತ್ತಿತ್ತು, ಯಂತ್ರ ಸಿಟ್ಟಾದರೆ ಬಂದ್ ಮಾಡಿ ಚಾಲೂ ಮಾಡಲು ಬರುತ್ತಿತ್ತು. ಅದಕ್ಕಿಂತ ಹೆಚ್ಚಿನದು ಸಂಘಕ್ಕೂ ಬೇಕಿರಲಿಲ್ಲ.

ಸಂಘದ ಅಧ್ಯಕ್ಷರು ಗವಿಸಿದ್ದಪ್ಪ. ಹೊಳಿಸಾಲಿನ ಒಕ್ಕಲಿಗ, ವಯಸ್ಸಾದವರು, ಎತ್ತುಗಳ ಮೇಲೆ ಹುಚ್ಚು ಪ್ರೀತಿ. ಟ್ರ್ಯಾಕ್ಟರು ಊರ ತುಂಬ ಓಡಾಡುತ್ತಿದ್ದರೂ ಅವರ ಹೊಲದಲ್ಲಿ ಜೋಡೆತ್ತೇ. ಕಾರ್ಯದರ್ಶಿ ಸೋಮೇಶ, ಬಿಕಾಂ ಓದಿದವನು, ಸಂಘದ ಲೆಕ್ಕವನ್ನು ಒಂದು ಪೈಸೆ ಆಚೀಚೆ ಹೋಗದಂತೆ ಇಟ್ಟವನು. ಕೆಟ್ಟವನಲ್ಲ. ಆದರೆ ಲೆಕ್ಕ ತಾಳೆ ಆಗದಿದ್ದರೆ ಅವನಿಗೆ ಊಟ ಸೇರುವುದಿಲ್ಲ. ಯಾರಾದರೂ ಒಬ್ಬರ ಹೆಸರಿನ ಮುಂದೆ ಆ ಅಂಕಿ ಬರೆದಾಗಲೇ ಸಮಾಧಾನ. ಅಂಥವರಿಂದ ಎಷ್ಟು ಮಂದಿಯ ಬದುಕು ಕೆಟ್ಟಿದೆ ಅನ್ನುವ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಎರಡು ಕಂಪ್ಯೂಟರ್ ಬಂದವು, ಒಂದು ಹಳೆಯದು, ಒಂದು ಹೊಸದು. ಗದಗಿನಿಂದ ರಿಪೇರಿ ಅಂಗಡಿಯ ಮಾಶಾಕ ಬಂದು, ಒಳಗಿನ ಕೋಣೆಯಲ್ಲಿ ಒಂದರ ಪಕ್ಕ ಒಂದು ಇಟ್ಟು, ನಡುವೆ ವೈರು ಎಳೆದ. ಹಳೆಯದರಲ್ಲಿ ಬೀಜದ ಲೆಕ್ಕ, ಪ್ರಿಂಟರು. ಹೊಸದರಲ್ಲಿ ಮುತ್ತವ್ವನ ದಿನದ ಕೆಲಸ, ಇಂಟರ್‌ನೆಟ್. ಆಗಿನ ಇಂಟರ್‌ನೆಟ್ ಅಂದರೆ ಫೋನಿನ ತಂತಿಯ ಮೇಲೆ ಬರುವಂಥದ್ದು. ಮೋಡೆಮ್ ಅನ್ನುವ ಸಣ್ಣ ಡಬ್ಬಿ ಫೋನ್ ಹಚ್ಚಬೇಕು, ಆ ಕಡೆಯವರು ಎತ್ತಬೇಕು, ಹಚ್ಚಿದಷ್ಟು ಹೊತ್ತಿಗೂ ಬಿಲ್ಲು.

"ಎರಡಕ್ಕೂ ಹೆಸರು ಬೇಕ್ರಿ," ಅಂದ ಮಾಶಾಕ. "ಒಂದಕ್ಕೊಂದು ಕರಿಯಾಕ."

"ಹೆಸರಿಗೇನು ಬರ ಬಂದೈತೇನೋ? ಹೊಸಾದಕ್ಕ ಕೆಂದ ಅಂತ ಇಡು, ಹಳೇದಕ್ಕ ಮೈಲ," ಅಂದರು ಗವಿಸಿದ್ದಪ್ಪ. ಅವು ಅವರ ಎತ್ತುಗಳ ಹೆಸರು. ಮಾಶಾಕ ನಗುತ್ತಲೇ ಹಾಗೇ ಬರೆದ.

ಈ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಬಿತ್ತಿಗೆ ಹದ ತಪ್ಪಲಿ, ಮಳೆ ಬಂದು ನಿಲ್ಲಲಿ, ಸೋಮವಾರ ಅಂದರೆ ಬಸವಣ್ಣನ ವಾರ. ಗವಿಸಿದ್ದಪ್ಪ ಅದನ್ನೇ ಸಂಘಕ್ಕೂ ತಂದರು. ಸೋಮವಾರ ಎರಡೂ ಯಂತ್ರ ಬಂದ್ ಇರಬೇಕು.

"ಅಧ್ಯಕ್ಷರ, ಇದಕ್ಕೇನು ಹೆಗಲೈತೇನ್ರಿ?" ಅಂದ ಸೋಮೇಶ.

"ಹೆಗಲಿಲ್ಲ ಖರೆ. ದುಡದ್ರ ಮೈ ಬಿಸಿ ಆಗತೈತಿಲ್ಲ? ಮುಟ್ಟಿ ನೋಡು."

"ಹಂಗಂದ್ರ ಸೋಮವಾರ ಬಂದ ಮಂದಿಗೆ ನಾಳೆ ಬರ್ರಿ ಅನ್ನೋಣೇನ್ರಿ? ನಿಮ್ಮನ್ನ ಬೈತಾರ, ನನ್ನನ್ನಲ್ಲ."

ಹಗ್ಗ ಜಗ್ಗಾಡಿ ಕಡೆಗೆ ಒಂದು ಒಪ್ಪಂದವಾಯಿತು. ಕೆಂದ ಎಳೆಯದು, ದುಡಿಯಲಿ. ಮೈಲನಿಗೆ ವಯಸ್ಸಾಗಿದೆ, ಅದಕ್ಕಾದರೂ ಸೋಮವಾರ ವಿಶ್ರಾಂತಿ ಸಿಗಲಿ. ಅಂದಿನಿಂದ ಪ್ರತಿ ಸೋಮವಾರ ಮೈಲನ ಮೇಲೆ ಬಟ್ಟೆ ಹೊದಿಸಿ, ಒಂದು ಹೂ ಏರಿಸಿ ಬಿಡುತ್ತಿದ್ದರು. ಮುತ್ತವ್ವ ಕೆಂದನನ್ನು ಚಾಲೂ ಮಾಡಿ, ಅದರಲ್ಲಿದ್ದ ಬೀಜದ ಲೆಕ್ಕದ ನಕಲು ತೆರೆದಿಟ್ಟು, ಹೊರಗೆ ಚೀಲ ಕೊಡುವ ಮೇಜಿಗೆ ಹೋಗುತ್ತಿದ್ದಳು. ಯಾರಿಗೂ ತೊಂದರೆ ಕಾಣಲಿಲ್ಲ.

ಬಿಲ್ಲು ಬಂದಾಗ ಕಂಡಿತು. ಮೊದಲು ನೂರುಗಳಲ್ಲಿ ಬರುತ್ತಿದ್ದ ಫೋನಿನ ಬಿಲ್ಲು ಸಾವಿರಗಳಿಗೆ ಏರಿತ್ತು. ಸೋಮೇಶ ಅದನ್ನು ಆಡಳಿತ ಮಂಡಳಿಯ ಸಭೆಯಲ್ಲಿ ಮೇಜಿನ ಮೇಲಿಟ್ಟ. ಊರ ಕಡೆಯಿಂದ ಇನ್ನೊಂದು ಮಾತೂ ಬಂದಿತ್ತು. ಸಂಘದ ಪಕ್ಕದಲ್ಲಿ ಹಿಟ್ಟಿನ ಗಿರಣಿ ನಡೆಸುವ ಅಲ್ಮಾಸಬಿ, "ನಿಮ್ಮ ಸಂಘದ್ದು ಫೋನು ಹತ್ತಂಗಿಲ್ಲಂತ ಮಂದಿ ನನ್ನ ಗಿರಣಿಗೆ ಹಚ್ಚತಾರ. ಯಾವಾಗ ನೋಡಿದ್ರೂ ಎಂಗೇಜ್ ಅಂತ" ಎಂದು ಸಹಜವಾಗಿ ಅಂದಿದ್ದಳು. ಸೋಮೇಶ ಆ ಮಾತನ್ನೂ ಸಭೆಯಲ್ಲಿ ಹೇಳಿದ. ಆಮೇಲೆ ಸಾವಕಾಶ ಕೇಳಿದ:

"ಫೋನಿರೋ ಕೋಣಿ ಕೀಲಿ ಯಾರ ಕಡೆ ಇರತೈತ್ರಿ? ನಾ ಏನೂ ಹೇಳಂಗಿಲ್ಲ. ನೀವ ತಿಳಕೋರಿ."

ಕೀಲಿ ಮುತ್ತವ್ವನ ಸೊಂಟದಲ್ಲಿತ್ತು. ಎಲ್ಲರೂ ತಿಳಿದುಕೊಂಡರು. ಗಂಡನನ್ನು ಬಿಟ್ಟು ಬಂದವಳು, ಕೋಣೆ ಅವಳದು, ಫೋನು ತಾಸುಗಟ್ಟಲೆ ಎಂಗೇಜು. ಇನ್ನೇನು ಬೇಕು? ತಿಳಿದುಕೊಳ್ಳುವುದು ಅಷ್ಟು ಸರಳ ಇರುವಾಗ ಕೇಳಿ ನೋಡುವ ಕಷ್ಟ ಯಾರು ತೆಗೆದುಕೊಳ್ಳುತ್ತಾರೆ? ದೂರವಾಣಿಯನ್ನು ಸ್ವಂತಕ್ಕೆ ಬಳಸಿದ್ದು ಕಂಡುಬಂದಿರುವುದರಿಂದ ಸದರಿಯವರ ಮೂರು ತಿಂಗಳ ಪಗಾರವನ್ನು ಮುರಿದುಕೊಳ್ಳತಕ್ಕದ್ದು ಎಂದು ಠರಾವಾಯಿತು. ಕೈಗಳೆಲ್ಲ ಎದ್ದವು. ಕಂಡುಬಂದದ್ದು ಯಾರ ಕಣ್ಣಿಗೆ ಎಂದು ಆ ಕೈಗಳಲ್ಲಿ ಒಂದೂ ಕೇಳಲಿಲ್ಲ. ಗವಿಸಿದ್ದಪ್ಪನವರ ಕೈ ಸ್ವಲ್ಪ ತಡವಾಗಿ ಎದ್ದಿತು. ಎದ್ದಿತಂತೂ ಖರೆ.

ಸುದ್ದಿ ಹೊಳೆಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ತನಕ ಹೋಯಿತು. "ಕಳಸಾಪುರದಾವನ್ನ ಬಿಟ್ಟಾಕಿ ಫೋನಿನಾಗಿನಾವನ್ನ ಹಿಡದಾಳಂತ," ಎಂದು ಒಬ್ಬಳು ಅಂದದ್ದು ಮುತ್ತವ್ವನ ಕಿವಿಗೇ ಬಿತ್ತು. "ಹೌದವಾ," ಅಂದಳು ಮುತ್ತವ್ವ, ಸೀರೆ ಹಿಂಡುತ್ತ. "ಅಂವಾ ಕುಡಿಯಂಗಿಲ್ಲ, ಹೊಡಿಯಂಗಿಲ್ಲ. ನಿನಗೂ ಒಂದು ಲೈನ್ ಹಾಕಿಸ್ಕೋ." ಅಲ್ಲಿದ್ದವರು ನಕ್ಕರು. ಆದರೆ ನಗಿಸಿದರೆ ಹೆಸರು ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮನೆಗೆ ಬಂದಳು. ಅವಳ ಅವ್ವ ಒಲೆಯ ಮುಂದಿನಿಂದ ತಲೆ ಎತ್ತದೆ ಅಂದಳು:

"ಇನ್ನ ಅಲ್ಲಿ ಹೋಗಬ್ಯಾಡ. ಕಳೆ ತೆಗಿಯಾಕ ಹೋಗು. ಹೊಲದಾಗ ಫೋನಿಲ್ಲ."

"ಬಿಟ್ರ ಅವ್ರು ಅಂದದ್ದು ಖರೆ ಅಂದಂಗ ಆತಲ್ಲಬೇ."

"ಖರೆ ಸುಳ್ಳು ತಗೊಂಡು ಏನ್ ಮಾಡ್ತಿ? ರೊಟ್ಟಿ ಆಗತೈತೇನು?"

"ಇಲ್ಲ. ಆದ್ರ ಆ ರೊಟ್ಟಿ ಗಂಟಲದಾಗ ಇಳಿಬೇಕಲ್ಲ."

ಮರುದಿನವೇ ಅವಳು ಗವಿಸಿದ್ದಪ್ಪನವರ ಮುಂದೆ ನಿಂತಳು. "ಯಜ್ಜಾ, ನಾ ಹಚ್ಚಿಲ್ಲ. ಯಾರು ಹಚ್ಚತಾರಂತ ನನಗೂ ಗೊತ್ತಿಲ್ಲ. ಮಾಶಾಕನ್ನ ಕರಸ್ರಿ, ಯಂತ್ರ ನೋಡ್ಲಿ." ಮಾಶಾಕ ಬಂದ. ಗುರುವಾರ ಬಂದ. ಇಡೀ ಹೊತ್ತು ಕೂತ, ವೈರಸ್ ಹುಡುಕಿದ, ಎರಡು ಯಂತ್ರಗಳ ಹೊಟ್ಟೆ ಬಿಚ್ಚಿ ಧೂಳು ಊದಿದ, ಫೋನು ಎತ್ತಿ ಎತ್ತಿ ನೋಡಿದ. ಪ್ರತಿ ಸಲವೂ ಗುಂಯ್ ಎಂದು ಡಯಲ್ ಟೋನು. "ಯಂತ್ರದಾಗ ಏನೂ ತಪ್ಪಿಲ್ಲರಿ," ಎಂದು ಬರೆದು ಕೊಟ್ಟು ಹೋದ. ಒಳ್ಳೆಯದು ಮಾಡಲು ಬಂದವನು ಮೊಳೆ ಬಡಿದು ಹೋದಂತಾಯಿತು. ಯಂತ್ರದ ತಪ್ಪಿಲ್ಲವಾದರೆ ಉಳಿದವಳು ಮುತ್ತವ್ವ ಒಬ್ಬಳೇ.

ಸೋಮೇಶ ಅಂದ, "ನೋಡಬೇ, ಆಗಿದ್ದು ಆಗಿಹೋತು. ಒಪ್ಪಿಕೊಂಡ್ರ ಸ್ವಲ್ಪ ಕಡಿಮಿ ಮುರಕೊಳ್ಳೋಣಂತ."

"ಒಪ್ಪಿಕೊಳ್ಳಾಕ ಏನರ ಮಾಡಿರಬೇಕಲ್ರಿ. ಹೇಳ್ರಿ, ಏನ್ ಮಾಡಲಿ? ಒಂದ್ ಸಲ ಹಚ್ಚಿ ಮಾತಾಡಿ ಬಂದು ಒಪ್ಪಿಕೊಳ್ಳಲೇನು?"

ಅವಳಿಗೆ ಯಂತ್ರದ ಒಳಗಿನದು ತಿಳಿಯದು. ಹೊಳೆದದ್ದು ಬೇರೆ. ಅಲ್ಮಾಸಬಿಯ ಗಿರಣಿಗೆ ಜೋಳ ಬೀಸಿಸಲು ಹೋದಾಗ ಕೇಳಿದಳು: "ಎಂಗೇಜ್ ಅಂತ ಮಂದಿ ನಿನಗ ಹಚ್ಚತಾರಂದ್ಯಲ್ಲ, ಅದು ದಿನಾನೂ ಏನು?"

ಅಲ್ಮಾಸಬಿ ಗಿರಣಿಯ ಪಟ್ಟಿ ಬಿಗಿಮಾಡುತ್ತ ಯೋಚಿಸಿದಳು. "ದಿನಾ ಅಲ್ಲವಾ. ಸೋಮಾರ. ಸೋಮಾರ ಒಕ್ಕಲದವರು ಹೊಲಕ್ಕ ಹೋಗಂಗಿಲ್ಲ ನೋಡು, ಖಾಲಿ ಇರತಾರ, ಬೀಜ ಬಂತೇನಂತ ಕೇಳಾಕ ಫೋನ್ ಹಚ್ಚತಾರ. ನಿಮ್ದು ಎಂಗೇಜ್. ನನ್ನ ತಲಿ ತಿಂತಾರ."

ಮುತ್ತವ್ವ ಹಿಟ್ಟಿನ ಬುಟ್ಟಿ ಹಿಡಿದು ಹಾಗೇ ನಿಂತಳು. ಸೋಮವಾರ ಒಂದೆರಡು ಸಲ ಅವಳೇ ಗದಗಿಗೆ ಫೋನ್ ಮಾಡಲು ಎತ್ತಿದ್ದಳು. ಆಗ ಗುಂಯ್ ಅನ್ನುವ ಸದ್ದು ಇರಲಿಲ್ಲ, ಫೋನು ಸತ್ತಿತ್ತು. ಹಳ್ಳಿಯ ಫೋನು, ಜೋರು ಗಾಳಿ ಬೀಸಿದರೂ ಸಾಯುತ್ತದೆ. ಅದನ್ನು ಯಾರು ನೆನಪಿಡುತ್ತಾರೆ? ಹೊರಗಿನವರಿಗೆ ಎಂಗೇಜು, ಒಳಗಿನವರಿಗೆ ಸತ್ತ ಫೋನು. ಈ ಎರಡು ಮಾತು ಗೋಡೆಯ ಆಚೀಚೆ ಇಷ್ಟು ದಿನ ಇದ್ದವು. ಯಾರೂ ಒಂದು ಕಡೆ ಕೂಡಿಸಿರಲಿಲ್ಲ, ಯಾಕೆಂದರೆ ಕಳ್ಳಿ ಮೊದಲೇ ಸಿಕ್ಕಿದ್ದಳು.

ಮುಂದಿನ ಸೋಮವಾರ ಮುತ್ತವ್ವ ಕೆಂದನನ್ನು ಚಾಲೂ ಮಾಡಿದಳು. ಮೈಲ ಎಂದಿನಂತೆ ಬಟ್ಟೆ ಹೊದ್ದು ಮಲಗಿತ್ತು. ಗವಿಸಿದ್ದಪ್ಪನವರನ್ನು ಒಳಗೆ ಕರೆದು, "ಯಜ್ಜಾ, ಫೋನ್ ಎತ್ತಿ ಕೇಳ್ರಿ" ಅಂದಳು. ಕೇಳಿದರು. ಗುಂಯ್ ಅಂದಿತು. ಬೀಜದ ಲೆಕ್ಕ ತೆರೆದಿಟ್ಟು ಹೊರಗೆ ಬಂದು ಬಾಗಿಲಿಗೆ ಕೀಲಿ ಹಾಕಿ, ಕೀಲಿಯನ್ನು ಅವರ ಕೈಯಲ್ಲಿಟ್ಟಳು. ಆಮೇಲೆ ಸಂಘದ ಮೆಟ್ಟಿಲ ಮೇಲೆ, ಹೋಗಿ ಬರುವವರೆಲ್ಲ ದಾಟಿಕೊಂಡೇ ಹೋಗಬೇಕಾದ ಜಾಗದಲ್ಲಿ, ಸೆರಗು ಬಿಗಿದು ಕೂತಳು. ಧರಣಿ ಅನ್ನುವುದಕ್ಕೆ ಶಾಮಿಯಾನ, ಮೈಕು, ಬ್ಯಾನರು ಬೇಕು ಅಂತ ಯಾರು ಹೇಳಿದರು? ದಾರಿಗೆ ಅಡ್ಡ ಕೂತು, ಎದ್ದೇಳು ಅಂದಾಗ ಏಳದಿದ್ದರೆ ಅದು ಧರಣಿಯೇ.

"ಇದೇನು ನಾಟಕಬೇ?" ಅಂದ ಸೋಮೇಶ.

"ನಾಟಕಾನ ಅನ್ರಿ. ನೋಡಾಕ ನೀವೂ ಕುಂಡ್ರಿ."

ಹೊತ್ತು ಏರಿತು. ಮುತ್ತವ್ವ ಗಿರಣಿಯ ಕಡೆ ಕೂಗಿದಳು, "ಅಲ್ಮಾಸಬಿ, ಸಂಘಕ್ಕ ಫೋನ್ ಹಚ್ಚು." ಅಲ್ಮಾಸಬಿ ಹಿಟ್ಟು ಮೆತ್ತಿದ ಕೈಯಲ್ಲೇ ಹಚ್ಚಿದಳು. ಬೀಸುವ ಸದ್ದಿನ ಮೇಲೆ ಅವಳ ದನಿ ಬಂತು: "ಎಂಗೇಜ್ ಐತೇ!"

ಗವಿಸಿದ್ದಪ್ಪ ತಾವೇ ಗಿರಣಿಗೆ ನಡೆದರು, ಫೋನು ಕಿವಿಗೆ ಹಿಡಿದರು. ಕುಂಯ್ ಕುಂಯ್ ಕುಂಯ್. ಕೀಲಿ ಅವರ ಅಂಗಿಯ ಕಿಸೆಯಲ್ಲಿತ್ತು. ಮುತ್ತವ್ವ ಮೆಟ್ಟಿಲ ಮೇಲಿದ್ದಳು. ಒಳಗೆ ಯಾರೂ ಇರಲಿಲ್ಲ. ವಾಪಸು ಬಂದು ಬಾಗಿಲು ತೆಗೆದರು. ಫೋನು ಎತ್ತಿದರೆ ಸತ್ತಿತ್ತು. ಯಂತ್ರದ ಹಿಂದೆ ಗೋಡೆಯ ಕಡೆ ಮುಖ ಮಾಡಿದ್ದ ಮೋಡೆಮ್ಮಿನ ಕೆಂಪು ದೀಪಗಳು ಮಾತ್ರ ಪಿಳಿಪಿಳಿ ಅನ್ನುತ್ತಿದ್ದವು.

"ಲೈನ್ ಕೆಟ್ಟಿರಬೇಕ್ರಿ," ಅಂದ ಸೋಮೇಶ. ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

"ಕೆಟ್ಟ ಲೈನು ದುಡ್ಡು ತಿಂತೈತೇನೋ? ಗಿರಣಿಯಿಂದ ಮಾಶಾಕಗ ಹಚ್ಚು. ಇವತ್ತ ಬರಲಿ. ಗುರುವಾರ ಅಲ್ಲ, ಇವತ್ತ."

ಮಾಶಾಕ ಮುಂಡರಗಿಯ ಮೇಲಿಂದ ಬಸ್ಸು ಹಿಡಿದು ಬಂದ. ಬಂದವನು ಮೊದಲು ಮೋಡೆಮ್ಮಿನ ಸದ್ದು ಹೆಚ್ಚಿಸಲು ಹೋದ. ಸದ್ದು ಪೂರಾ ಬಂದ್ ಮಾಡಿಟ್ಟಿದ್ದರು.

"ಇದನ್ನ ಯಾರು ಬಂದ್ ಮಾಡಿದ್ರಿ?"

ಸೋಮೇಶ ಅಂದ, "ಬಹಳ ಚೀರತಿತ್ತಪ. ಕಿವಿಗೆ ತ್ರಾಸು."

"ಅದು ಚೀರಿದ್ರ ಮೊದಲನೇ ದಿನಾನ ಗೊತ್ತಾಗ್ತಿತ್ತಲ್ರಿ."

ಸದ್ದು ಕೊಟ್ಟು, ಲೈನು ಕಡಿದು, ಎಲ್ಲರೂ ಕೈಕಟ್ಟಿ ನಿಂತರು. ಕೆಂದನ ಹತ್ತಿರ ಯಾರೂ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಇದ್ದಕ್ಕಿದ್ದಂತೆ ಕಟಕಟ ನಂಬರು ಒತ್ತಿ, ಕೀರ್ ಎಂದು ಚೀರಿ ಫೋನು ಹಚ್ಚಿತು. ಗವಿಸಿದ್ದಪ್ಪ ಒಂದು ಹೆಜ್ಜೆ ಹಿಂದೆ ಸರಿದರು. ಮಾಶಾಕ ಮೈಲನ ಮೇಲಿನ ಬಟ್ಟೆ ತೆಗೆದು ಅದನ್ನು ಚಾಲೂ ಮಾಡಿ, ಮತ್ತೆ ಲೈನು ಕಡಿದ. ಕೆಂದ ಸುಮ್ಮನಾಯಿತು. ಚಹಾ ಬಂತು, ಕುಡಿದರು, ಆಗಲೂ ಸುಮ್ಮನಿತ್ತು. ಮೈಲನನ್ನು ಬಂದ್ ಮಾಡಿದ. ಮತ್ತೆ ಕೀರ್ ಅಂದಿತು.

"ಗುರುವಾರ ನನಗ ಸಿಗಲಿಲ್ಲ ನೋಡ್ರಿ, ಎರಡೂ ಚಾಲೂ ಇದ್ವು," ಎಂದು ಮಾಶಾಕ ತಲೆ ಕೆರೆದುಕೊಂಡ. "ಬೀಜದ ಅಸಲ ಲೆಕ್ಕ ಇರೋದು ಮೈಲನ ಕಡೆ, ಕೆಂದನ ಕಡೆ ಬರೇ ನಕಲು. ಕೆಂದ ಅದನ್ನ ತಾಳೆ ನೋಡಬೇಕಂದ್ರ, ಮೈಲ ಎಲ್ಲಿದ್ದಿಪಾ ಅಂತ ಮೊದಲ ಈ ವೈರಿನ್ಯಾಗ ಕೂಗತೈತಿ. ಮೈಲ ಬಂದ್. ಓ ಅನ್ನಾವ್ರಿಲ್ಲ. ಆವಾಗ ಹೊರಗ ಕೇಳೂಣಂತ ಫೋನ್ ಹಚ್ಚತೈತಿ. ಇಂಟರ್‌ನೆಟ್ಟಿನ್ಯಾಗ ಹೆಸರು ಹೇಳಿದ್ರ ವಿಳಾಸ ಹೇಳೋ ದೊಡ್ಡ ಯಂತ್ರ ಇರತಾವ್ರಿ. ಅವಕ್ಕ ಹಮ್ಮಿಗಿ ಮೈಲ ಏನ್ ಗೊತ್ತು? ಅಂಥಾವ ಯಾರೂ ಇಲ್ಲ ಅಂತಾವು. ಇದು ನಂಬಂಗಿಲ್ಲ. ಸ್ವಲ್ಪ ತಡದು ಮತ್ತ ಕೇಳತೈತಿ. ದಿನಾ ಪೂರ್ತಿ ಹಿಂಗ. ಲೈನ್ ಕಡಿಯೋದ ಇಲ್ಲ. ನಿಮ್ಮ ಫೋನು ಈ ಡಬ್ಬಿ ಹಿಂದಿಂದ ಹಚ್ಚಿದ್ದು, ಅದಕ್ಕ ಎತ್ತಿದ್ರ ಸತ್ತಂಗ ಇರತೈತಿ."

"ತಂತಾನ ಹೆಂಗ ಹಚ್ಚತೈತೋ? ಗುರುತಿನ ಮಾತು ಹೊಡಿಬೇಕಲ್ಲ?" ಎಂದು ಅಧ್ಯಕ್ಷರು ಕೇಳಿದರು.

"ಪಾಸ್‌ವರ್ಡ್ ಏನ್ರಿ? ಅದನ್ನ ಒಳಗ ಉಳಿಸಿ, ಬೇಕಂದಾಗ ತಂತಾನ ಹಚ್ಚೂ ಹಂಗ ನಾನ ಮಾಡಿ ಕೊಟ್ಟಿದ್ನಿ. ದಿನಾ ಹೊಡಿಯೂದು ಬ್ಯಾಸರ ಅಂತ ಸೋಮೇಶ ಅಣ್ಣಾರು ಅಂದಿದ್ರು."

ಯಾರೂ ಸೋಮೇಶನ ಮುಖ ನೋಡಲಿಲ್ಲ. ಗವಿಸಿದ್ದಪ್ಪ ಮೈಲನ ಬಟ್ಟೆಯ ಜೊತೆ ಕೆಳಗೆ ಬಿದ್ದಿದ್ದ ಹೂವನ್ನು ಎತ್ತಿಕೊಂಡರು.

"ಜೋಡಿ ಕಾಣಲಿಲ್ಲಂದ್ರ ಎತ್ತು ಒದರತೈತಿ," ಅಂದರು. "ಇಷ್ಟು ವರ್ಷ ದನ ಸಾಕೇನಿ, ಇದು ನನಗ ಗೊತ್ತಿರಬೇಕಿತ್ತು. ಒಂದನ್ನ ಬಿಚ್ಚಿ ಒಂದನ್ನ ಹೂಡಿದಾಂವ ನಾನ."

ಮಾಶಾಕ ಮೈಲನ ಹೆಸರನ್ನೂ ವಿಳಾಸವನ್ನೂ ಕೆಂದನ ಒಳಗೇ ಬರೆದಿಟ್ಟ, ಹೊರಗೆ ಕೇಳುವ ಪ್ರಸಂಗವೇ ಬರದಂತೆ. ತಂತಾನೆ ಫೋನು ಹಚ್ಚುವುದನ್ನು ತೆಗೆದುಹಾಕಿದ. ಮತ್ತೆ ಮೈಲನನ್ನು ಬಂದ್ ಮಾಡಿ ಕಾದರು. ಕೆಂದ ಒದರಲಿಲ್ಲ. ಮುಂದಿನ ಬಿಲ್ಲು ಮೊದಲಿನಂತೆ ನೂರುಗಳಿಗೆ ಇಳಿಯಿತು. ಸೋಮವಾರದ ವಿಶ್ರಾಂತಿ ಇಂದಿಗೂ ನಡೆದಿದೆ, ಯಾರಿಗೂ ಅದರಿಂದ ತೊಂದರೆಯಿಲ್ಲ.

ಯಂತ್ರ ತಿದ್ದಲು ಒಂದು ಮಧ್ಯಾಹ್ನ ಸಾಕಾಯಿತು. ಮನುಷ್ಯರ ಕೆಲಸ ಆಮೇಲೆ ಶುರುವಾಯಿತು.

ಮುಂದಿನ ಸಭೆಯಲ್ಲಿ ಗವಿಸಿದ್ದಪ್ಪ ಮುತ್ತವ್ವನ ಪಗಾರ ತಿರುಗಿ ಕೊಡೋಣ ಅಂದರು. ಬೇಡ ಎಂದು ಯಾರೂ ಅನ್ನಲಿಲ್ಲ. ಆದರೆ ಯಾವ ಬಾಬತ್ತಿನಲ್ಲಿ ಕೊಡುವುದು ಎಂದು ಸೋಮೇಶ ಕೇಳಿದ. ಪಗಾರ ಅಂತ ಕೊಟ್ಟರೆ ಹಳೆಯ ಠರಾವು ರದ್ದಾಗಬೇಕು. ರದ್ದಾದರೆ, ಹಾಗಾದರೆ ಬಿಲ್ಲಿಗೆ ಹೊಣೆ ಯಾರು ಎಂದು ಆಡಿಟ್ಟಿನವರು ಕೇಳುತ್ತಾರೆ. ಅಧ್ಯಕ್ಷರು ಬಾಯಿಮಾತಲ್ಲಿ ಯಂತ್ರಕ್ಕೆ ಸೋಮವಾರ ವಿಶ್ರಾಂತಿ ಕೊಟ್ಟಿದ್ದರು ಅಂತ ಬರೆಯಬೇಕೆ? ಕಾರ್ಯದರ್ಶಿ ಕಿವಿಗೆ ತ್ರಾಸು ಅಂತ ಸದ್ದು ಬಂದ್ ಮಾಡಿದ್ದ ಅಂತ ಬರೆಯಬೇಕೆ? ಊರು ನಗುತ್ತದೆ. ಎಲ್ಲರೂ ತಲೆ ತಗ್ಗಿಸಿ ಯೋಚಿಸಿ, ಕಡೆಗೆ ಚೆಂದದ ಒಂದು ದಾರಿ ಹುಡುಕಿದರು: ಮಾನವೀಯ ನೆಲೆಯಲ್ಲಿ ಸಹಾಯಧನ.

ಮುತ್ತವ್ವನನ್ನು ಒಳಗೆ ಕರೆದರು. ಸಹಿ ಮಾಡು, ತಗೊಂಡು ಹೋಗು ಅಂದರು.

"ಸಹಾಯ ನಾ ಕೇಳಿಲ್ರಿ. ಮುರದ ಪಗಾರ ಕೇಳೇನಿ. ಕಂಡುಬಂದೈತಿ ಅಂತ ಬರದೀರಿ. ಕಂಡುಬಂದಿಲ್ಲ ಅಂತ ಬರೀರಿ, ಸಹಿ ಮಾಡ್ತೀನಿ."

"ಎರಡೂ ಒಂದ ರೊಕ್ಕಲ್ಲಬೇ," ಅಂದ ಸೋಮೇಶ.

"ನಿಮಗ ಒಂದ."

ಅವಳು ತಿರುಗಿ ಹೋದಳು. ಗವಿಸಿದ್ದಪ್ಪ ಮೆಟ್ಟಿಲ ತನಕ ಹಿಂದೆ ಬಂದರು. ದನಿ ಇಳಿಸಿ ಅಂದರು, "ಯವ್ವಾ, ನನ್ನ ಕಿಸೆದಾಗಿಂದ ಕೊಡ್ತೀನಿ. ತಗೋ. ನನ್ನ ಮನಸಿಗೂ ಹಗರ ಆಗತೈತಿ."

"ಯಜ್ಜಾ, ನೀವು ಕೈ ಎತ್ತಿದ್ದು ಸಭಾದಾಗ," ಅಂದಳು ಮುತ್ತವ್ವ. "ಕೊಡೂದು ಕಿಸೆದಾಗಿಂದೇನು?"

ಅವರ ಕೈ ಕಿಸೆಯಲ್ಲೇ ನಿಂತಿತು. ಒಳ್ಳೆಯ ಮನುಷ್ಯ, ಸುಳ್ಳು ಹೇಳಿದವರಲ್ಲ. ಮೂಕಪ್ರಾಣಿಗೆ ಹೆಗಲು ಉರಿಯುತ್ತದೆ ಎಂದು ತಿಳಿದವರು. ಆದರೆ ನಾಲ್ಕು ಮಂದಿಯ ಮುಂದೆ ಎತ್ತಿದ ಕೈಯನ್ನು ನಾಲ್ಕು ಮಂದಿಯ ಮುಂದೆ ಇಳಿಸುವುದು ಅವರಿಗೆ ಆಗಲಿಲ್ಲ, ಇನ್ನೂ ಆಗಿಲ್ಲ.

ಮುತ್ತವ್ವ ಈಗಲೂ ಅದೇ ಸಂಘಕ್ಕೆ ಹೋಗುತ್ತಾಳೆ. ಆಮೇಲಿನ ಪಗಾರ ಸರಿಯಾಗಿ ಬರುತ್ತಿದೆ. ಆ ಮೂರು ತಿಂಗಳದು ಸಹಾಯಧನವೆಂಬ ಹೆಸರು ಹೊತ್ತು ಹಾಗೇ ಕೂತಿದೆ, ಇವಳು ಮುಟ್ಟುವುದಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಳೆಯ ಮಾತೇ ನಡೆದಿದೆ. ಅಲ್ಲಿನವರಿಗೆ ಯಂತ್ರ ಒದರಿದ ಸುದ್ದಿ ಮುಟ್ಟಿಲ್ಲ ಅಂತಲ್ಲ. ಮುಟ್ಟಿದೆ. "ತಪ್ಪಿಲ್ಲದಿದ್ರ ಸಂಘದವ್ರು ಹಂಗ್ಯಾಕ ಬರೀತಿದ್ರು?" ಅನ್ನುತ್ತಾರೆ. ಬರೆದದ್ದು ಅಲ್ಲೇ ಇರುವ ತನಕ ಅವರ ಪ್ರಶ್ನೆಯಲ್ಲಿ ನ್ಯಾಯವಿದೆ.

ಇದನ್ನು ಓದುತ್ತಿರುವ ನೀವು ಹಮ್ಮಿಗಿಯ ಸಂಘದ ಸದಸ್ಯರಲ್ಲದೆ ಇರಬಹುದು. ಆದರೆ ಯಾವುದೋ ಒಂದು ಸೊಸೈಟಿ, ಶಾಲೆಯ ಸಮಿತಿ, ಗುಡಿಯ ಟ್ರಸ್ಟು, ಪಂಚಾಯತಿ, ಎಲ್ಲೋ ಒಂದು ಕಡೆ ಕುರ್ಚಿ ಹಾಕಿಕೊಂಡು ಕೂತಿದ್ದೀರಿ. ಅಲ್ಲಿ ಯಾರದೋ ಹೆಸರಿನ ಮೇಲೆ ಕೈ ಎತ್ತಿದ್ದೀರಿ, ಪಕ್ಕದವರು ಎತ್ತಿದರು ಅಂತ, ಚಹಾ ಆರುತ್ತಿತ್ತು ಅಂತ. ಅವಳನ್ನು ಕರೆದು ಕೇಳಿದ್ದಿರಾ? ಇಲ್ಲವಾದರೆ ಮುಂದಿನ ಸಭೆಯಲ್ಲಿ ಎದ್ದು ನಿಲ್ಲಿರಿ, ಎಲ್ಲರ ಮುಂದೆ ಆ ಠರಾವನ್ನು ಗಟ್ಟಿಯಾಗಿ ಓದಿಸಿರಿ, ತಪ್ಪಾಗಿದ್ದರೆ ನಿಮ್ಮ ಕೈಯಿಂದಲೇ ಹೊಡೆದುಹಾಕಿರಿ. ಕಿಸೆಗೆ ಕೈ ಹಾಕಬೇಡಿರಿ.